ಅವ್ವನ ಪಾಲಿನ ಮಾತು

ಒಂದೇ ನೋಟ್‌ಬುಕ್ಕಿನ ಎರಡು ಪುಟಗಳಿಂದ ಶುರು ಮಾಡುತ್ತೇನೆ. ನೋಟ್‌ಬುಕ್ಕು ಎಂಟನೆಯ ತರಗತಿಯ ಹುಡುಗಿಯೊಬ್ಬಳದು. ಊರು ಹಾವೇರಿ ಜಿಲ್ಲೆಯದು, ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಅಷ್ಟೇನೂ ದೂರವಿಲ್ಲ. ನಾನು ಅಲ್ಲಿ ಕನ್ನಡ ಕಲಿಸುತ್ತಿದ್ದೆ. ಮೊದಲ ಪುಟದಲ್ಲಿ ‘ಬಾಲಕಾರ್ಮಿಕ ಪದ್ಧತಿ’ ಎಂಬ ಪ್ರಬಂಧವಿತ್ತು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಮೂರು ಉಪಶೀರ್ಷಿಕೆ, ಮೂರಕ್ಕೂ ಸ್ಕೇಲಿಟ್ಟು ಎಳೆದ ಅಡಿಗೆರೆ. ಬಾಲಕಾರ್ಮಿಕ ಪದ್ಧತಿ ಸಮಾಜಕ್ಕೆ ಅಂಟಿದ ಪಿಡುಗು, ಅದನ್ನು ಬೇರುಸಹಿತ ಕಿತ್ತೊಗೆಯಬೇಕು, ಇಂದಿನ ಮಕ್ಕಳೇ ನಾಳಿನ ಪ್ರಜೆಗಳು. ಕಾಗುಣಿತದ ತಪ್ಪು ಹುಡುಕಿದರೂ ಸಿಗದು. ಅದೇ ವಾರ ಇನ್ನೂ ಮೂವತ್ತೆಂಟು ನೋಟ್‌ಬುಕ್ಕುಗಳಲ್ಲಿ ಅದೇ ಪಿಡುಗು ಅದೇ ರೀತಿ ಬೇರುಸಹಿತ ಕಿತ್ತುಹೋಗಿತ್ತು. ಹೆಚ್ಚುಕಡಿಮೆ ಎಲ್ಲರಿಗೂ ಐದಕ್ಕೆ ನಾಲ್ಕು ಕೊಟ್ಟೆ.

ಎರಡನೆಯ ಪುಟ ಹದಿನೈದು ದಿನಗಳ ನಂತರದ್ದು. ಅವತ್ತು ನಾನು ಕೊಟ್ಟ ಕೆಲಸ ಇಷ್ಟೇ: ಇಬ್ಬರನ್ನು ಮಾತಾಡಿಸಿ. ಒಬ್ಬರಿಗೆ ಏನೋ ಬೇಕು, ಇನ್ನೊಬ್ಬರು ಅದನ್ನು ಕೊಡುವುದಿಲ್ಲ. ಕಥೆ ಹೇಳಬೇಡಿ, ಬರೀ ಮಾತು ಬರೆಯಿರಿ. ಆ ಹುಡುಗಿ ಬರೆದದ್ದು ಹೀಗಿತ್ತು:

ಅವ್ವ: ಇವತ್ತ ಸಾಲಿಗೆ ಹೋಗಬ್ಯಾಡ. ತಮ್ಮನ್ನ ನೋಡ್ಕೊಂಡಿರು.

ಮಗಳು: ಇವತ್ತ ಗಣಿತ ಪರೀಕ್ಷಾ ಐತಿ.

ಅವ್ವ: ನಿನ್ನ ಪರೀಕ್ಷಾ ನಾಳೆನೂ ಇರ್ತೈತಿ. ಮೆಣಸಿನಕಾಯಿ ಬಿಡಿಸಾಕ ಹೋಗಲಿಲ್ಲ ಅಂದ್ರ ಇವತ್ತಿನ ಪಗಾರ ನಾಳೆ ಇರೂದಿಲ್ಲ.

ಮಗಳು: ಸರ್ ಬೈತಾರ.

ಅವ್ವ: ಬೈದ್ರ ಬೈಸ್ಕೋ. ಸಾವ್ಕಾರ ನನಗ ಬೈಯೂದಿಲ್ಲೇನು?

ತಿಂಗಳಿಗೆ ಮೂರು ನಾಲ್ಕು ದಿನ ಆ ಹುಡುಗಿ ತರಗತಿಗೆ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಹಾಕುತ್ತಿದ್ದವನು ನಾನೇ, ಮರುದಿನ ಬೈಯುತ್ತಿದ್ದವನೂ ನಾನೇ. ಪ್ರಬಂಧ ಬರೆಯುವಾಗ, ತಾನು ಬರೆಯುತ್ತಿರುವುದು ತನ್ನ ಮನೆಯ ವಿಷಯ ಎಂಬ ಸುಳಿವೇ ಅವಳಿಗೆ ಸಿಕ್ಕಿರಲಿಲ್ಲ. ಓದುವಾಗ ನನಗೂ ಸಿಕ್ಕಿರಲಿಲ್ಲ. ಅವ್ವನಿಗೆ ಬಾಯಿ ಬಂದ ಕೂಡಲೇ ವಿಷಯ ಮನೆಗೆ ಬಂತು. ಇನ್ನೂ ಒಂದು ಸಂಗತಿ ಗಮನಿಸಿ. ಬರೆದವಳು ಮಗಳು. ಸಿಟ್ಟು ಇರಬೇಕಾದದ್ದು ಮಗಳಿಗೆ. ಆದರೂ ಐದು ಮಾತುಗಳಲ್ಲಿ ತೂಕದವು ಅವ್ವನ ಪಾಲಿಗೇ ಹೋಗಿವೆ.

ಶಾಲೆಯಲ್ಲಿ ನಾಟಕ ಬರೆಸಬೇಕು ಎಂದು ನಾನು ವಾದಿಸುವುದಾದರೆ ಅದರ ತಿರುಳು ಇಲ್ಲಿದೆ. ಶಾಲೆ ಕಲಿಸುವ ಬರವಣಿಗೆಗಳಲ್ಲಿ, ತಾನು ಒಪ್ಪದ ಮಾತನ್ನು ಒಪ್ಪುವಂತೆ ಬರೆಯಲೇಬೇಕಾದ ಪ್ರಕಾರ ನಾಟಕ ಒಂದೇ. ಪ್ರಬಂಧದಲ್ಲಿ ಎದುರಾಳಿ ಇರುವುದಿಲ್ಲ. ಅರ್ಜಿಯಲ್ಲಿ ಇರುತ್ತಾನೆ, ಆದರೆ ಅವನು ಮಾತಾಡುವುದಿಲ್ಲ. ಗಾದೆ ವಿಸ್ತರಣೆಯಲ್ಲಂತೂ ಗಾದೆ ಮೊದಲೇ ಗೆದ್ದಾಗಿದೆ, ನಾವು ಹೋಗಿ ಹಾರ ಹಾಕಿ ಬರುವುದಷ್ಟೇ.

ನಾಟಕ ಶಾಲೆಗೆ ಹೊಸದೇ ಎಂದು ಕೇಳಬಹುದು. ಹೊಸದೇನಲ್ಲ. ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಇಲ್ಲದ ಶಾಲೆ ನಮ್ಮ ಕಡೆ ಇಲ್ಲ, ಕಿರುನಾಟಕ ಇಲ್ಲದ ಗ್ಯಾದರಿಂಗೂ ಇಲ್ಲ. ಪ್ರತಿಭಾ ಕಾರಂಜಿ ಇದೆ. ವಿಜ್ಞಾನ ನಾಟಕ ಸ್ಪರ್ಧೆಗಳಿವೆ. ಮೈಸೂರಿನ ರಂಗಾಯಣ ಬೇಸಿಗೆ ರಜೆಯಲ್ಲಿ ನಡೆಸುವ ಚಿನ್ನರ ಮೇಳಕ್ಕೆ ಮಕ್ಕಳು ಸಾಲುಗಟ್ಟುತ್ತಾರೆ. ಮಕ್ಕಳ ನಾಟಕಗಳಿಗೂ ಕನ್ನಡದಲ್ಲಿ ಬಡತನವಿಲ್ಲ. ಕುವೆಂಪು ಅವರ ‘ಮೋಡಣ್ಣನ ತಮ್ಮ’, ‘ನನ್ನ ಗೋಪಾಲ’ಗಳಿಂದ ಹಿಡಿದು ಕಂಬಾರ, ವೈದೇಹಿ, ಎಚ್.ಎಸ್. ವೆಂಕಟೇಶಮೂರ್ತಿಯವರ ತನಕ ದೊಡ್ಡ ಲೇಖಕರು ಮಕ್ಕಳಿಗಾಗಿ ನಾಟಕ ಬರೆದಿದ್ದಾರೆ. ಪ್ರೇಮಾ ಕಾರಂತರು ಮಕ್ಕಳ ರಂಗಭೂಮಿಗಾಗಿ ವರ್ಷಗಟ್ಟಲೆ ದುಡಿದರು. ಹೆಮ್ಮೆ ಪಡುವಂಥದ್ದೇ. ಆದರೆ ಇಷ್ಟೆಲ್ಲದರಲ್ಲಿ ನಾವು ‘ಮಕ್ಕಳ ನಾಟಕ’ ಎನ್ನುವುದು ದೊಡ್ಡವರು ಬರೆದು ಮಕ್ಕಳು ಆಡುವ ನಾಟಕಕ್ಕೆ. ‘ಮಕ್ಕಳ ಚಿತ್ರಕಲೆ’ ಎಂದಾಗ ಚಿತ್ರ ಬರೆದವರು ಮಕ್ಕಳೇ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾಟಕದಲ್ಲಿ ಮಾತ್ರ ಮಕ್ಕಳ ಪಾಲಿಗೆ ಬಂದದ್ದು ಬಣ್ಣ, ವೇಷ ಮತ್ತು ಬಾಯಿಪಾಠ.

ಬಾಯಿಪಾಠ ಎಂದಾಗ ಒಂದು ಗ್ಯಾದರಿಂಗ್ ನೆನಪಾಗುತ್ತದೆ. ಶಾಲೆಯ ಹೆಸರು ಬೇಡ. ಅಂದು ಆಡಿದ್ದು ‘ಪಂಜರ ಶಾಲೆ’. ರವೀಂದ್ರನಾಥ ಟ್ಯಾಗೋರರ ಗಿಳಿಯ ಕತೆಯನ್ನು ಆಧರಿಸಿ ಬಿ.ವಿ. ಕಾರಂತರು ಮಾಡಿದ ನಾಟಕ ಅದು. ಕತೆ ಬಲ್ಲವರಿಗೆ ಗೊತ್ತು: ಹಾಡಿಕೊಂಡಿದ್ದ ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜ ಹೊರಡುತ್ತಾನೆ, ಬಂಗಾರದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಕಂತೆ ಕಂತೆ ಪುಸ್ತಕದ ಹಾಳೆ ಗಿಳಿಯ ಗಂಟಲಿಗೆ ತುರುಕಲಾಗುತ್ತದೆ, ಗಿಳಿ ಸಾಯುತ್ತದೆ. ಅಂದು ಪರದೆಯ ಹಿಂದೆ ನಿಂತ ಶಿಕ್ಷಕರೊಬ್ಬರು ಪ್ರತಿ ಮಾತನ್ನೂ ಅರ್ಧ ಕ್ಷಣ ಮೊದಲು ಹೇಳಿಕೊಡುತ್ತಿದ್ದರು. ಮೈಕ್ ಅದನ್ನೂ ಹಿಡಿಯುತ್ತಿತ್ತು. ಹೀಗಾಗಿ ಸಭಿಕರಿಗೆ ಪ್ರತಿ ಸಂಭಾಷಣೆ ಎರಡು ಸಲ ಕೇಳಿಸಿತು, ಮೊದಲು ಗಂಡಸಿನ ದನಿಯಲ್ಲಿ, ಆಮೇಲೆ ಮಕ್ಕಳ ದನಿಯಲ್ಲಿ. ಗಿಳಿಯ ವೇಷದ ಹುಡುಗ ಒಂದು ಮಾತು ಮರೆತದ್ದಕ್ಕೆ ನಾಟಕ ಮುಗಿದ ಮೇಲೆ ಎಲ್ಲರೆದುರು ಬೈಸಿಕೊಂಡ. ನಕ್ಕವರು ಯಾರೂ ಇರಲಿಲ್ಲ. ಅದರಲ್ಲಿ ನಗುವಂಥದ್ದಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಆಡುವುದರಿಂದ ಮಕ್ಕಳಿಗೆ ಏನೂ ಸಿಗುವುದಿಲ್ಲ ಎನ್ನುವುದು ನನ್ನ ವಾದವಲ್ಲ. ಸಭಾಕಂಪನ ಹೋಗುತ್ತದೆ, ದನಿ ಬಿಚ್ಚಿಕೊಳ್ಳುತ್ತದೆ, ನಾಲ್ಕು ಜನರೊಡನೆ ಹೊಂದಿಕೊಂಡು ಕೆಲಸ ಮಾಡುವುದು ಬರುತ್ತದೆ. ಆದರೆ ಆಡುವವನಿಗೆ ಮಾತು ಸಿದ್ಧವಾಗಿ ಬಂದಿರುತ್ತದೆ. ಬರೆಯುವವನು ಮಾತನ್ನು ಹುಡುಕಬೇಕು. ಹುಡುಕಲು ಅವನಿಗಿರುವ ಜಾಗ ಒಂದೇ, ತನ್ನ ಸುತ್ತ ಮಾತಾಡುವ ಜನ. ಹಾಗಾಗಿ ನಾಟಕ ಬರೆಯುವ ಮಗು ಮೊದಲು ಕಿವಿಗೊಡಲು ಕಲಿಯುತ್ತದೆ. ಅಜ್ಜಿ ‘ಬ್ಯಾಡ’ ಅನ್ನುವುದಕ್ಕೂ ಚಿಕ್ಕಪ್ಪ ‘ಬ್ಯಾಡ’ ಅನ್ನುವುದಕ್ಕೂ ವ್ಯತ್ಯಾಸವಿದೆ, ಅಂಗಡಿಯವನು ಸಾಲ ಇಲ್ಲ ಎನ್ನುವುದನ್ನು ಇಲ್ಲ ಎಂಬ ಪದವನ್ನೇ ಬಳಸದೆ ಹೇಳುತ್ತಾನೆ, ಇಂಥವು ಅದರ ಕಿವಿಗೆ ಬೀಳತೊಡಗುತ್ತವೆ.

ನಮ್ಮ ಪರೀಕ್ಷೆಗಳಲ್ಲಿ ಒಂದು ಹಳೆಯ ಪ್ರಶ್ನೆಯಿದೆ: ಈ ಮಾತನ್ನು ಯಾರು ಯಾರಿಗೆ ಹೇಳಿದರು, ಸಂದರ್ಭದೊಡನೆ ವಿವರಿಸಿ. ತಲೆಮಾರುಗಳಿಂದ ಕೇಳಿಕೊಂಡು ಬಂದಿದ್ದೇವೆ. ನಾಟಕ ಬರೆಯುವವನು ಪ್ರತಿ ಸಾಲಿಗೂ ತನ್ನನ್ನು ತಾನು ಕೇಳಿಕೊಳ್ಳುವ ಪ್ರಶ್ನೆಯೂ ಅದೇ. ಯಾರು, ಯಾರಿಗೆ, ಯಾವಾಗ, ಯಾಕೆ. ಪ್ರಶ್ನೆ ನಮ್ಮ ಕೈಯಲ್ಲೇ ಇತ್ತು. ಆದರೆ ಬೇರೆಯವರು ಬರೆದ ಮಾತಿಗೆ ಮಾತ್ರ ಕೇಳುತ್ತ ಬಂದೆವು.

ಎದುರಾಳಿಗೆ ಬಾಯಿ ಕೊಡುವ ವಿದ್ಯೆ ಕನ್ನಡ ನೆಲಕ್ಕೆ ಹೊರಗಿನಿಂದ ಬರಬೇಕಾಗಿಲ್ಲ. ಕರಾವಳಿಯ, ಮಲೆನಾಡಿನ ತಾಳಮದ್ದಳೆ ನೋಡಿದವರಿಗೆ ಇದು ಗೊತ್ತಿರುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಮಾತು ಮಾತ್ರ ಅರ್ಥಧಾರಿಯದು. ಪುಸ್ತಕದಲ್ಲಿ ಆ ಮಾತು ಇರುವುದಿಲ್ಲ, ಆ ಹೊತ್ತಿಗೆ ಅಲ್ಲೇ ಹುಟ್ಟಬೇಕು. ಇವತ್ತು ರಾಮನ ಅರ್ಥ ಹೇಳಿದವನು ನಾಳೆ ವಾಲಿಯ ಅರ್ಥ ಹೇಳಬೇಕಾಗಬಹುದು. ಮರದ ಮರೆಯಿಂದ ಬಾಣ ಬಿಟ್ಟವನನ್ನು ವಾಲಿ ಕೇಳುವ ಪ್ರಶ್ನೆಗಳಿಗೆ ಹರಿತವಿಲ್ಲದಿದ್ದರೆ ರಾಮ ಗೆದ್ದರೂ ಪ್ರಸಂಗ ಸೋಲುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರನ್ನು ಕೇಳಲು ಜನ ರಾತ್ರಿಯಿಡೀ ಕೂರುತ್ತಿದ್ದುದು ವಾಲಿ, ರಾವಣರು ಸರಿಯೆಂದು ಒಪ್ಪಿಬಿಟ್ಟಿದ್ದಕ್ಕಲ್ಲ. ಅವರ ಕಡೆಯಿಂದಲೂ ಹೇಳಲು ಇಷ್ಟೊಂದು ಇದೆಯಲ್ಲ ಎಂಬ ಬೆರಗಿಗೆ. ಶಾಲೆಗಳಲ್ಲಿ ಚರ್ಚಾಸ್ಪರ್ಧೆ ನಡೆಯುತ್ತದಲ್ಲ, ಪರ ಮತ್ತು ವಿರೋಧ, ಅದನ್ನು ಇದಕ್ಕೆ ಹೋಲಿಸಬೇಡಿ. ಚರ್ಚಾಸ್ಪರ್ಧೆಯಲ್ಲಿ ಹುಡುಗ ತನ್ನ ಪಕ್ಷವನ್ನಷ್ಟೇ ಗೆಲ್ಲಿಸಿದರೆ ಸಾಕು. ನಾಟಕ ಬರೆಯುವವನು ಎರಡೂ ಪಕ್ಷದ ಮನೆಯಲ್ಲಿ ಉಂಡು ಬರಬೇಕು.

ಮಾತಿನ ವಿಷಯ ಬಂದಾಗ ಎರಡನೆಯ ಪ್ರಶ್ನೆ ಏಳುತ್ತದೆ, ಯಾವ ಮಾತು? ಮೇಲಿನ ಐದು ಸಾಲನ್ನು ನನ್ನ ಸಹೋದ್ಯೋಗಿಯೊಬ್ಬರಿಗೆ ತೋರಿಸಿದಾಗ ಅವರು ಪೆನ್ನು ತೆಗೆದು ‘ಬ್ಯಾಡ’ದ ಕೆಳಗೆ ಗೆರೆ ಎಳೆದರು. ‘ಶಾಲೆ’ ಎನ್ನಬೇಕಾದಲ್ಲಿ ‘ಸಾಲಿ’ ಎಂದದ್ದಕ್ಕೂ ಒಂದು ಗೆರೆ. ಅವರು ಕೆಟ್ಟವರಲ್ಲ, ನಾನೂ ಹದಿನೈದು ವರ್ಷ ಅದನ್ನೇ ಮಾಡಿದ್ದೆ. ನಮ್ಮ ಮಕ್ಕಳು ಮನೆಯಲ್ಲಿ ಒಂದು ಕನ್ನಡ ಆಡುತ್ತಾರೆ, ಶಾಲೆಯಲ್ಲಿ ಇನ್ನೊಂದು ಕನ್ನಡ ಬರೆಯುತ್ತಾರೆ. ಬರೆಯುವ ಕನ್ನಡ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯ ಕನ್ನಡಕ್ಕೆ ನೋಟ್‌ಬುಕ್ಕಿನಲ್ಲಿ ಒಂದು ಗೆರೆಯಷ್ಟೂ ಜಾಗವಿಲ್ಲದಿದ್ದರೆ, ಆ ಕನ್ನಡದಲ್ಲಿ ನಡೆಯುವ ಬದುಕಿಗೂ ಅಲ್ಲಿ ಜಾಗವಿಲ್ಲ ಎಂದೇ ಮಗು ತಿಳಿಯುತ್ತದೆ. ಗದ್ಯದಲ್ಲಿ ‘ಬ್ಯಾಡ’ ತಪ್ಪು. ಅವ್ವನ ಬಾಯಲ್ಲಿ ‘ಬೇಡ’ ತಪ್ಪು. ವ್ಯಾಕರಣದ ಪೀರಿಯಡ್ಡಿನಲ್ಲಿ ಒಂದು ತಿಂಗಳು ಹೇಳಿದರೂ ತಲೆಗೆ ಹೋಗದ ಈ ವ್ಯತ್ಯಾಸವನ್ನು ನಾಟಕ ಒಂದೇ ದಿನದಲ್ಲಿ ತೋರಿಸುತ್ತದೆ. ಯಾಕೆಂದರೆ ರಂಗಸೂಚನೆಯನ್ನು ಪುಸ್ತಕದ ಕನ್ನಡದಲ್ಲಿ ಬರೆದು, ಮುಂದಿನ ಸಾಲಲ್ಲೇ ಆಡುವ ಕನ್ನಡಕ್ಕೆ ಹೊರಳಬೇಕಾಗುತ್ತದೆ. ಎರಡರ ನಡುವಿನ ಹೊಸ್ತಿಲನ್ನು ಮಗು ಒಂದು ಪುಟದಲ್ಲಿ ಹತ್ತು ಸಲ ದಾಟುತ್ತದೆ.

ಕನ್ನಡ ನಾಟಕದ ಇತಿಹಾಸವೂ ಇದರ ಪರವಾಗಿಯೇ ನಿಲ್ಲುತ್ತದೆ. ಕೈಲಾಸಂ 1918ರಲ್ಲಿ ‘ಟೊಳ್ಳುಗಟ್ಟಿ’ ಬರೆದಾಗ ರಂಗದ ಮೇಲೆ ದೇವರು, ರಾಜರು ತುಂಬಿದ್ದರು. ಅವರ ಭಾಷೆಯೂ ಕಿರೀಟ ತೊಟ್ಟಿತ್ತು. ಕೈಲಾಸಂ ತಂದದ್ದು ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಕೇಳಿಸುತ್ತಿದ್ದ, ಇಂಗ್ಲಿಷ್ ಬೆರೆತ ಕನ್ನಡ. ಶುದ್ಧವಾದಿಗಳಿಗೆ ಇರುಸುಮುರುಸಾಗಿರಲಿಕ್ಕೆ ಸಾಕು. ಆ ನಾಟಕದ ವಿಷಯವೇ ಶಾಲೆ ಎಂಬುದು ಇಲ್ಲಿ ಇನ್ನೂ ರುಚಿಕಟ್ಟು. ಪರೀಕ್ಷೆಯಲ್ಲಿ ಮುಂದಿರುವ ಮಗ ಒಬ್ಬ, ಮನೆಗೆ ಕಷ್ಟ ಬಂದಾಗ ಕೈಗೆ ಬರುವ ಮಗ ಇನ್ನೊಬ್ಬ. ಇತ್ತ ಉತ್ತರ ಕರ್ನಾಟಕದಲ್ಲಿ ಹಳ್ಳಿ ಹಳ್ಳಿಯ ಜಾತ್ರೆಗೆ ನಾಟಕ ಆಡುತ್ತಾರೆ. ನಾಟಕದ ಮಾಸ್ತರ ಹಾರ್ಮೋನಿಯಂ ಇಟ್ಟುಕೊಂಡು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾನೆ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಹೀಗೆ ಹಳ್ಳಿಗಳಲ್ಲಿ ಆಡಿ ಆಡಿ ಹದಗೊಂಡು, 1974ರಲ್ಲಿ ರಾಜಕುಮಾರ್ ಸಿನಿಮಾ ಆಯಿತು. ಈ ನಾಟಕಗಳ ಪಾತ್ರಧಾರಿಗಳಲ್ಲಿ ಎಷ್ಟೋ ಜನ ಶಾಲೆ ಬಿಟ್ಟವರು. ಅವರ ಮಕ್ಕಳು ನಮ್ಮ ತರಗತಿಯಲ್ಲಿ ಕೂತಿದ್ದಾರೆ. ಅಪ್ಪ ರಾತ್ರಿ ತಾಲೀಮಿನಲ್ಲಿ ಮಾತು ಹೇಗೆ ಎತ್ತಿಕೊಳ್ಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಗುದ್ದಾಡುವುದನ್ನು ನೋಡಿ ಬಂದವರು. ಆ ತಿಳಿವಳಿಕೆಯನ್ನು ಶಾಲೆ ಗೇಟಿನ ಹೊರಗೇ ಬಿಟ್ಟು ಬರಲು ಹೇಳುತ್ತದೆ.

ದೂರದ ಒಂದು ಉದಾಹರಣೆ ಇಲ್ಲಿ ಹೇಳಲೇಬೇಕು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದಲ್ಲಿ ಬಟರ್‌ಷಾ ಎಂಬ ಬಡವರ ಬಡಾವಣೆ. ಅಲ್ಲಿನ ಆಂಡ್ರಿಯಾ ಡನ್‌ಬಾರ್ ಎಂಬ ಹುಡುಗಿ ಹದಿನೈದನೆಯ ವಯಸ್ಸಿನಲ್ಲಿ ಶಾಲೆಯ ಕೆಲಸವೆಂದು ನಾಟಕವೊಂದನ್ನು ಬರೆಯತೊಡಗಿದಳು. ತನ್ನ ಬೀದಿಯ ಜನ, ಅವರ ಬೈಗುಳ, ಕುಡಿತ, ಚಿಕ್ಕ ವಯಸ್ಸಿನಲ್ಲೇ ಬಸುರಾದ ಹುಡುಗಿ, ಎಲ್ಲವೂ ಅವರದೇ ಮಾತಿನಲ್ಲಿ. ‘ದಿ ಆರ್ಬರ್’ ಎಂಬ ಆ ನಾಟಕ 1980ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರವನ್ನು ಏರಿತು. ಆಕೆ ಬದುಕಿದ್ದು 29 ವರ್ಷ ಮಾತ್ರ, ಬದುಕು ಸುಲಭದ್ದೂ ಆಗಿರಲಿಲ್ಲ. ನಾಟಕ ಬರೆದರೆ ಬಡತನ ಹೋಗುತ್ತದೆ ಎಂದು ಹೇಳಲು ಈ ಕತೆ ತಂದಿಲ್ಲ. ಶಾಲೆಯಲ್ಲಿ ಯಾರೋ ಒಬ್ಬರು ನಾಟಕ ಬರೆ ಎಂದಿದ್ದರು, ಬರೆದದ್ದಕ್ಕೆ ಕೆಂಪು ಗೆರೆ ಎಳೆದು ಅಲ್ಲೇ ಮುಗಿಸಲಿಲ್ಲ. ನನಗೆ ಮುಖ್ಯವೆನಿಸುವುದು ಅಷ್ಟು.

ಮಕ್ಕಳು ಬರೆಯದೆಯೂ ನಾಟಕವನ್ನು ತಿದ್ದಬಲ್ಲರು ಎಂಬುದಕ್ಕೆ ಇನ್ನೂ ಹಳೆಯ ಪುರಾವೆಯಿದೆ. ಕನ್ನಡ ರಂಗಭೂಮಿಗೆ ಜರ್ಮನ್ ನಾಟಕಕಾರ ಬ್ರೆಕ್ಟ್ ಹೊಸಬನಲ್ಲ. ಅವನು 1930ರಲ್ಲಿ ಕುರ್ಟ್ ವೈಲ್‌ನ ಸಂಗೀತದೊಂದಿಗೆ ಶಾಲೆಗಳಿಗಾಗಿ ಒಂದು ಸಂಗೀತ ನಾಟಕ ಮಾಡಿದ. ಹೆಸರು ‘ಹೌದೆನ್ನುವವ’ ಎಂಬ ಅರ್ಥದ್ದು. ಕಾಯಿಲೆಯ ತಾಯಿಗೆ ಔಷಧಿ ತರಲು ಹುಡುಗನೊಬ್ಬ ಗುರುಗಳ ತಂಡದ ಜತೆ ಬೆಟ್ಟ ದಾಟಲು ಹೊರಡುತ್ತಾನೆ. ದಾರಿಯಲ್ಲಿ ಅವನೇ ಕಾಯಿಲೆ ಬೀಳುತ್ತಾನೆ. ಕಾಯಿಲೆ ಬಿದ್ದವನನ್ನು ಬಿಟ್ಟು ಮುಂದೆ ಹೋಗುವುದು ಅಲ್ಲಿನ ಹಳೆಯ ಪದ್ಧತಿ. ಆದರೆ ಅವನನ್ನು ಕೇಳಬೇಕು, ಅವನು ಹೌದೆನ್ನಬೇಕು. ಹುಡುಗ ಹೌದೆಂದ, ಅವನನ್ನು ಕಣಿವೆಗೆ ಎಸೆದರು. ಬರ್ಲಿನ್ನಿನ ನ್ಯೂಕೋಲ್ನ್ ಭಾಗದ ಕಾರ್ಲ್ ಮಾರ್ಕ್ಸ್ ಶಾಲೆಯ ಮಕ್ಕಳೊಡನೆ ಈ ನಾಟಕದ ಚರ್ಚೆ ನಡೆದಾಗ ಅವರಿಗೆ ಈ ಸಾವು ಒಪ್ಪಿಗೆಯಾಗಲಿಲ್ಲ. ಬ್ರೆಕ್ಟ್ ಆಗಲೇ ಹೆಸರು ಮಾಡಿದ್ದವನು, ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆತ ನಾಟಕ ತಿದ್ದಿದ, ಜತೆಗೆ ‘ಇಲ್ಲವೆನ್ನುವವ’ ಎಂಬ ಇನ್ನೊಂದನ್ನು ಬರೆದ. ಅದರಲ್ಲಿ ಹುಡುಗ ಒಪ್ಪುವುದಿಲ್ಲ. ಹೊಸ ಸನ್ನಿವೇಶ ಬಂದಾಗ ಹೊಸದಾಗಿ ಯೋಚಿಸುವುದೇ ಪದ್ಧತಿಯಾಗಲಿ ಎನ್ನುತ್ತಾನೆ, ಎಲ್ಲರೂ ಅವನನ್ನು ಹೊತ್ತು ಊರಿಗೆ ಮರಳುತ್ತಾರೆ. ನಮ್ಮ ಪಠ್ಯಪುಸ್ತಕದ ನಾಟಕಗಳನ್ನು ಓದಿಸುವಾಗ, ಇಲ್ಲಿ ಈ ಪಾತ್ರ ಹೀಗೆ ಹೇಳದಿದ್ದರೆ ಏನಾಗುತ್ತಿತ್ತು ಎಂದು ನಾವು ಎಷ್ಟು ಸಲ ಕೇಳಿದ್ದೇವೆ? ನಾಟಕದ ಪಾಠವನ್ನು ನಾವು ಓದಿಸುವ ರೀತಿಯೇ ವಿಚಿತ್ರ. ಒಬ್ಬ ಹುಡುಗ ಎದ್ದು ನಿಂತು, ಪಾತ್ರಗಳ ಹೆಸರುಗಳನ್ನೂ ಸೇರಿಸಿ, ಎಲ್ಲರ ಮಾತನ್ನೂ ಒಂದೇ ಉಸಿರಿನಲ್ಲಿ ಒಂದೇ ರಾಗದಲ್ಲಿ ಓದಿ ಕೂರುತ್ತಾನೆ.

ಇನ್ನು ತರಗತಿಯ ಸಂಗತಿ. ನಲವತ್ತು ನಿಮಿಷದ ಪೀರಿಯಡ್, ಮೂವತ್ತೊಂಬತ್ತು ಮಕ್ಕಳು, ಒಂದು ಕರಿಹಲಗೆ. ಹಾಳೆಯ ಎಡಕ್ಕೆ ಪಾತ್ರದ ಹೆಸರು, ಬಲಕ್ಕೆ ಮಾತು, ಇಷ್ಟು ಬಿಟ್ಟು ಬೇರೆ ನಿಯಮ ಹೇಳಲಿಲ್ಲ. ಮೊದಲ ಸಲ ಬಂದ ನಾಟಕಗಳನ್ನು ಓದಿ ನನಗೆ ಸಾಕುಸಾಕಾಯಿತು. ಅರ್ಧದಷ್ಟು ಮಕ್ಕಳು ಧಾರಾವಾಹಿಯ ಅತ್ತೆ ಸೊಸೆಯರನ್ನು ತಂದಿದ್ದರು. ಹುಡುಗರ ನಾಟಕಗಳಲ್ಲಿ ಸಿನಿಮಾ ನಾಯಕರು ಬಂದು ಬೆರಳು ತೋರಿಸಿ ಮಾತಾಡಿ ಹೋದರು. ಕೊನೆಯಂತೂ ಎಲ್ಲರದೂ ಒಂದೇ. ಪೊಲೀಸರು ಬರುತ್ತಾರೆ, ಇಲ್ಲವೇ ಕೆಟ್ಟವನು ‘ನನ್ನ ಕಣ್ಣು ತೆರೆಸಿದಿರಿ’ ಎಂದು ಕಾಲಿಗೆ ಬೀಳುತ್ತಾನೆ. ಅಂಥವರು ಅಷ್ಟು ಬೇಗ ಕಣ್ಣು ತೆರೆಯುವುದನ್ನು ನಾನಂತೂ ಕಂಡಿಲ್ಲ, ಬರೆದ ಮಕ್ಕಳೂ ಕಂಡಿರಲಿಲ್ಲ. ಆದರೆ ಅವರನ್ನು ಬೈಯುವಂತಿಲ್ಲ. ಗ್ಯಾದರಿಂಗಿಗೆಂದು ನಾವು ಮೇಷ್ಟ್ರುಗಳು ಬರೆದುಕೊಟ್ಟ ಕಿರುನಾಟಕಗಳೆಲ್ಲ ಹಾಗೆಯೇ ಮುಗಿದಿದ್ದವು.

ಎರಡನೆಯ ಸಲ ಎರಡು ಕಟ್ಟು ಹಾಕಿದೆ. ಪೊಲೀಸರು ಬರಕೂಡದು, ಯಾರೂ ಪಶ್ಚಾತ್ತಾಪ ಪಡಕೂಡದು. ತರಗತಿ ಗೊಂದಲಕ್ಕೆ ಬಿತ್ತು. ‘ಹಂಗಾದ್ರ ಮುಗಿಸೂದು ಹೆಂಗ್ರೀ ಸರ್?’ ಎಂದು ಹಿಂದಿನ ಬೆಂಚಿನಿಂದ ಕೇಳಿದರು. ಮುಗಿಸಬೇಡಿ, ಇಬ್ಬರಲ್ಲಿ ಒಬ್ಬರು ಎದ್ದು ಹೋದರೆ ಸಾಕು ಎಂದೆ. ಆ ಹುಡುಗಿಯ ಐದು ಸಾಲು ಬಂದದ್ದು ಅವತ್ತು.

ಮರುದಿನ ಗಟ್ಟಿಯಾಗಿ ಓದಿಸಿದೆ. ಬರೆದವರು ಓದಕೂಡದು, ಬೇರೆ ಇಬ್ಬರು ಓದಬೇಕು, ಬರೆದವರು ಕೇಳಬೇಕು. ಈ ಒಂದು ಸಣ್ಣ ಏರ್ಪಾಡಿನಿಂದ ಆಗುವಷ್ಟು ತಿದ್ದುಪಡಿ ಕೆಂಪು ಪೆನ್ನಿನಿಂದ ಆಗುವುದಿಲ್ಲ. ತಾನು ಬರೆದ ಮಾತು ಇನ್ನೊಬ್ಬರ ನಾಲಿಗೆಯಲ್ಲಿ ತೊಡರಿದರೆ ಬರೆದವರಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಆ ಐದು ಸಾಲು ಓದಿ ಮುಗಿಸಿದಾಗ ಯಾರೂ ಮಾತಾಡಲಿಲ್ಲ. ಆಮೇಲೆ ಕಿಟಕಿ ಪಕ್ಕದ ಹುಡುಗಿಯೊಬ್ಬಳು ಅಂದಳು: ‘ನಮ್ಮವ್ವ ಇಷ್ಟೆಲ್ಲ ಮಾತಾಡೂದಿಲ್ರೀ ಸರ್. ಸುಮ್ಮನ ನೋಡ್ತಾಳ, ಅಷ್ಟ. ನಾವ ಚೀಲ ಕೆಳಗ ಇಡತೀವಿ.’ ಬರೆದವಳು ಸ್ವಲ್ಪ ಹೊತ್ತು ಯೋಚಿಸಿ, ನೋಟ್‌ಬುಕ್ಕು ವಾಪಸ್ ತೆಗೆದುಕೊಂಡು, ಸಾವ್ಕಾರನ ಮಾತು ಹೊಡೆದುಹಾಕಿದಳು. ಅಲ್ಲಿ ಕಂಸದೊಳಗೆ ‘ಅವ್ವ ಸುಮ್ಮನೆ ನೋಡುತ್ತಾಳೆ. ಮಗಳು ಚೀಲ ಕೆಳಗಿಡುತ್ತಾಳೆ’ ಎಂದು ಬರೆದಳು. ಸಾವ್ಕಾರನ ಮಾತು ಹೋದದ್ದು ನನಗೆ ಈಗಲೂ ಸ್ವಲ್ಪ ಬೇಸರವೇ. ಆದರೆ ನಾಟಕ ಅವಳದು. ರಂಗಸೂಚನೆ ಎಂಬ ಪದವನ್ನು ನಾನು ಆ ತರಗತಿಗೆ ಅಲ್ಲಿಯವರೆಗೆ ಹೇಳಿಕೊಟ್ಟಿರಲಿಲ್ಲ. ಪುಸ್ತಕದ ಕನ್ನಡಕ್ಕೆ ಹೊರಳಿದ್ದನ್ನೂ ನೋಡಿ, ಅದನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ.

ಎಲ್ಲ ಹೀಗೆ ಚೆಂದವಾಗಿಯೇ ನಡೆಯಿತು ಎಂದರೆ ಸುಳ್ಳಾದೀತು. ಅದೇ ವರ್ಷ ಒಬ್ಬ ಹುಡುಗ ಕುಡಿದು ಬರುವ ಅಪ್ಪನ ಬಗ್ಗೆ ಬರೆದ. ಚೆನ್ನಾಗಿ ಬರೆದಿದ್ದ. ನಾನು ಹುರುಪಿನಲ್ಲಿ ಅದನ್ನೂ ಗಟ್ಟಿಯಾಗಿ ಓದಿಸಿಬಿಟ್ಟೆ. ಸಣ್ಣ ಊರು, ಯಾರ ಅಪ್ಪ ಎಂದು ತರಗತಿಗೆ ಗೊತ್ತಾಗಲು ಎರಡು ಸಾಲು ಬೇಕಾಗಲಿಲ್ಲ. ಒಬ್ಬ ನಕ್ಕ. ಹುಡುಗ ಒಂದು ವಾರ ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ಕರೆತಂದೆ, ಆದರೆ ಅವನು ಆಮೇಲೆ ಆ ವರ್ಷವಿಡೀ ಪ್ರಬಂಧಗಳನ್ನೇ ಬರೆದ, ನಾಟಕ ಬರೆಯಲಿಲ್ಲ. ತಪ್ಪು ಪೂರ್ತಿ ನನ್ನದು. ಪ್ರಬಂಧದಲ್ಲಿ ಮಕ್ಕಳು ಮನೆಯನ್ನು ಮುಚ್ಚಿಟ್ಟು ಬರೆಯುತ್ತಾರೆ, ನಾಟಕದಲ್ಲಿ ಗೊತ್ತಿಲ್ಲದೆ ಬಾಗಿಲು ತೆರೆದುಬಿಡುತ್ತಾರೆ. ಆ ಬಾಗಿಲ ಬಳಿ ಮೇಷ್ಟ್ರು ನಿಂತಿರಬೇಕು. ಅಂದಿನಿಂದ ಮೊದಲು ನಾನೊಬ್ಬನೇ ಓದುವ ರೂಢಿ ಮಾಡಿಕೊಂಡೆ. ಯಾವುದನ್ನು ಓದಿಸಬೇಕೆಂದು ಬರೆದವರನ್ನು ಪಕ್ಕಕ್ಕೆ ಕರೆದು ಕೇಳುತ್ತಿದ್ದೆ. ಪಾತ್ರಗಳಿಗೆ ಊರಿನಲ್ಲಿಲ್ಲದ ಹೆಸರಿಡುವ ನಿಯಮವೂ ಆಮೇಲೆ ಬಂತು. ಇನ್ನೊಂದು ಅಪಾಯ ಇದಕ್ಕಿಂತ ಮೋಸದ್ದು. ಒಂದು ಕೇರಿಯವರ ಮಾತನ್ನು ಇನ್ನೊಂದು ಕೇರಿಯ ಮಗು ನಗಿಸಲೆಂದೇ ಬರೆಯುತ್ತದೆ. ಆಡುಮಾತಿಗೆ ಜಾಗ ಕೊಡುತ್ತೇವೆಂದು ಹೊರಟು ಅಣಕಕ್ಕೆ ಜಾಗ ಕೊಟ್ಟ ಹಾಗಾಗುತ್ತದೆ. ಇದಕ್ಕೆ ನನಗೆ ಸಿಕ್ಕ ಮದ್ದು ಒಂದೇ: ಯಾರ ಮಾತನ್ನು ಬರೆದಿದ್ದೀಯೋ ಆ ಪಾತ್ರಕ್ಕೇ ಈ ದೃಶ್ಯದಲ್ಲಿ ಸರಿಯಾದ ವಾದ ಕೊಟ್ಟು ಇನ್ನೊಮ್ಮೆ ಬರೆದುಕೊಂಡು ಬಾ. ಕೆಲವರು ಬರೆದರು. ಕೆಲವರು ಸುಮ್ಮನೆ ಹರಿದುಹಾಕಿದರು.

ಸಿಲೆಬಸ್ ಮುಗಿಯುವುದಿಲ್ಲ ಎಂಬ ಆಕ್ಷೇಪಣೆಗೆ ಹೆಚ್ಚು ಜಾಗ ಕೊಡಲಾರೆ. ಮೂರು ನಾಲ್ಕು ಪೀರಿಯಡ್ಡುಗಳ ಮಾತು ಇದು, ಅಷ್ಟು ಹೊತ್ತು ಸಿಬ್ಬಂದಿ ಸಭೆಗಳಲ್ಲಿಯೇ ಹೋಗುತ್ತದೆ. ಅಂಕದ ಪ್ರಶ್ನೆಯೂ ದೊಡ್ಡದಲ್ಲ. ನಾನು ಕಲಿಸುತ್ತಿದ್ದಾಗ ಎಸ್‌ಎಸ್‌ಎಲ್‌ಸಿ ಪ್ರಥಮ ಭಾಷೆಯ 125 ಅಂಕಗಳಲ್ಲಿ 25 ಆಂತರಿಕ ಮೌಲ್ಯಮಾಪನಕ್ಕೆಂದೇ ಇದ್ದವು. ಆ ಅಂಕಗಳಿಗಾಗಿ ಮಕ್ಕಳು ಥರ್ಮಾಕೋಲ್ ಮೇಲೆ ಕವಿಗಳ ಫೋಟೊ ಅಂಟಿಸಿ ತರುತ್ತಿದ್ದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರಕಲೆಗಳ ಜೊತೆ ರಂಗಭೂಮಿಯನ್ನೂ ಶಾಲಾ ಕಲಿಕೆಯ ಭಾಗವಾಗಿಸಬೇಕೆಂದಿತು, 2020ರ ಶಿಕ್ಷಣ ನೀತಿಯೂ ಕಲೆಯನ್ನು ಪಾಠದೊಳಗೆ ಬೆರೆಸುವ ಮಾತಾಡುತ್ತದೆ. ಕಾಗದದ ಮೇಲೆ ಯಾರ ವಿರೋಧವೂ ಇಲ್ಲ. ನಾಟಕದ ಶಿಕ್ಷಕರು ಎಲ್ಲ ಶಾಲೆಗೂ ಬಂದ ಮೇಲೆ ನೋಡೋಣ ಎಂಬ ಮಾತು ಮಾತ್ರ ಕೇಳಿಸುತ್ತಿರುತ್ತದೆ. ರಂಗಶಿಕ್ಷಣ ಪಡೆದವರನ್ನು ಸರ್ಕಾರ ಶಾಲೆಗಳಿಗೆ ನೇಮಿಸಬೇಕು, ಈ ಬೇಡಿಕೆ ನ್ಯಾಯವಾದದ್ದು. ಹೆಗ್ಗೋಡಿನ ನೀನಾಸಂನಂಥ ಕಡೆ ಕಲಿತ ಯುವಕ ಯುವತಿಯರಿಗೆ ಅದರಿಂದ ಕೆಲಸವೂ ಸಿಗುತ್ತದೆ. ಆದರೆ ಆಡಿಸಲು ರಂಗಶಿಕ್ಷಕರು ಬೇಕು. ಇಬ್ಬರ ಮಾತು ಬರೆಸಲು ಕನ್ನಡ ಮೇಷ್ಟ್ರು ಸಾಕು. ಪಾತ್ರಕ್ಕೆ ಬಣ್ಣ ಹಚ್ಚಲು ಬಾರದ ನಾನೇ ಅದನ್ನು ಮಾಡಿದ್ದೇನೆ.

ಬರೆದ ನಾಟಕ ರಂಗದ ಮೇಲೆ ಬರಲೇಬೇಕೆಂದೂ ಇಲ್ಲ. ಬಂದರೆ ಒಳ್ಳೆಯದು. ಆದರೆ ಗ್ಯಾದರಿಂಗಿನ ಆಸೆ ಮೊದಲೇ ಹುಟ್ಟಿದರೆ ಅತಿಥಿಗಳು ಮೆಚ್ಚುವ ನಾಟಕವೇ ಹುಟ್ಟುತ್ತದೆ, ಮತ್ತೆ ಪೊಲೀಸರು ಬರುತ್ತಾರೆ. ನಮ್ಮ ಶಾಲೆಯಲ್ಲಿ ಆ ವರ್ಷದ ಗ್ಯಾದರಿಂಗಿಗೆ ಆಡಿದ್ದು ಗಿಡಮರ ಉಳಿಸಿ ಎಂಬ ಕಿರುನಾಟಕ. ಬರೆದವನು ನಾನೇ. ಮರದ ಪಾತ್ರ ಮಾಡಿದ ಹುಡುಗನಿಗೆ ಬಹುಮಾನವೂ ಬಂತು.

ಕನ್ನಡ ಕಲಿಸುವ ಗೆಳೆಯ ಗೆಳತಿಯರಲ್ಲಿ ನನ್ನ ಕೋರಿಕೆ ಇಷ್ಟು. ಶಾಲೆ ಶುರುವಾಗಿ ಮಕ್ಕಳು ನಿಮಗೆ ಹೊಂದಿಕೊಂಡ ಮೇಲೆ, ಜುಲೈನಲ್ಲೋ ಆಗಸ್ಟಿನಲ್ಲೋ, ಮಳೆಯಿಂದ ಆಟದ ಪೀರಿಯಡ್ ತಪ್ಪಿದ ಒಂದು ಮಧ್ಯಾಹ್ನ ಸಾಕು. ಇಬ್ಬರು, ಒಬ್ಬರಿಗೆ ಬೇಕಾದದ್ದು, ಇನ್ನೊಬ್ಬರು ಕೊಡದದ್ದು, ಹತ್ತು ಸಾಲು. ಕಾಗುಣಿತ ತಿದ್ದುವುದನ್ನು ಆ ಒಂದು ದಿನ ನಾಳೆಗಿಡಿ. ಬಂದದ್ದನ್ನು ಮೊದಲು ನೀವೊಬ್ಬರೇ ಓದಿ, ಹಾಜರಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು.